ಅರ್ಥ್‌ಸೀ ಸರಣಿಯ ಆರನೆಯ ಪುಸ್ತಕ ನಿನ್ನೆ ರಾತ್ರಿ ಮುಗಿಯಿತು

ನೀರ್ಚಾಲಿನವಳು:

ನಿನ್ನೆ ರಾತ್ರಿ ಹನ್ನೊಂದೂವರೆಗೆ ‘ದಿ ಅದರ್ ವಿಂಡ್’ ಮುಗಿಸಿದೆ. ಉರ್ಸುಲಾ ಲೆ ಗ್ವಿನ್ ಬರೆದ ಅರ್ಥ್‌ಸೀ ಸರಣಿಯ ಆರನೆಯ ಪುಸ್ತಕ. ಹೊರಗೆ ಮಳೆ, ಒಳಗೆ ಕರೆಂಟಿಲ್ಲ. ಕೊನೆಯ ಇಪ್ಪತ್ತು ಪುಟಗಳನ್ನು ಎಮರ್ಜೆನ್ಸಿ ದೀಪದ ಬೆಳಕಿನಲ್ಲಿ ಓದಿದೆ. ಬೆಳಿಗ್ಗೆ ಕುಂಬಳೆಯಲ್ಲಿ ಮಂಗಳೂರಿನ ರೈಲು ಹತ್ತಿ, ಅಭ್ಯಾಸದಂತೆ ಚೀಲಕ್ಕೆ ಕೈ ಹಾಕಿದೆ. ಊಟದ ಡಬ್ಬಿ ಸಿಕ್ಕಿತು, ಕೊಡೆ ಸಿಕ್ಕಿತು. ನೇತ್ರಾವತಿ ಸೇತುವೆ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದೆ. ಪಕ್ಕದಲ್ಲಿ ಕುಳಿತ ಹೆಂಗಸು ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು. ಪುಸ್ತಕ ಮುಗಿಯಿತು ಎಂದು ಅವರಿಗೆ ಹೇಗೆ ಹೇಳಲಿ?

ಕಥೆಯ ಕೊನೆ ಮೊದಲೇ ತಿಳಿಯಬಾರದು ಎನ್ನುವವರು ಮುಂದೆ ಓದಬೇಡಿ.

ಮೊದಲ ನಾಲ್ಕು ಪುಸ್ತಕಗಳನ್ನು ಒಟ್ಟಿಗೆ ಹೊಲಿದ ದಪ್ಪ ಸಂಪುಟವೊಂದನ್ನು ದುಬೈಯಲ್ಲಿದ್ದ ಚಿಕ್ಕಮ್ಮನ ಮಗ 2014ರಲ್ಲಿ ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದ. ಆಗ ನನಗೆ ಹತ್ತೊಂಬತ್ತು. ಮೊದಲ ಪುಟಗಳಲ್ಲಿಯೇ ನಕ್ಷೆ. ಕಡಲಿನಲ್ಲಿ ಚೆಲ್ಲಿದ ಅಕ್ಕಿಯಂತೆ ನೂರಾರು ದ್ವೀಪಗಳು. ಒಂದು ಸಂಜೆ ಪುಸ್ತಕವನ್ನು ಜಗಲಿಯಲ್ಲಿ ತೆರೆದಿಟ್ಟು ಒಳಗೆ ಹೋಗಿದ್ದೆ. ಎರಚಲು ಬಂತು. ಅಡಿಕೆಗೆ ಮದ್ದು ಬಿಟ್ಟು ಆಗಷ್ಟೇ ತೋಟದಿಂದ ಬಂದಿದ್ದ ಅಪ್ಪ ಕೈ ತೊಳೆಯುವುದಕ್ಕೆ ಮೊದಲೇ ಓಡಿಬಂದು ಅದನ್ನು ಎತ್ತಿಟ್ಟರು. ನಕ್ಷೆಯ ಬಲಮೂಲೆಯಲ್ಲಿ ಅವರ ಹೆಬ್ಬೆರಳಿನ ಅಚ್ಚು ಉಳಿಯಿತು. ಮೈಲುತುತ್ತಿನ ನೀಲಿ, ಅಂಚಿನಲ್ಲಿ ಸುಣ್ಣದ ಬಿಳಿ. ಗೆರೆಗಳು ಈಗಲೂ ಎಣಿಸುವಷ್ಟು ಸ್ಪಷ್ಟವಾಗಿವೆ.

ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಕ್ಷೆಯನ್ನೇ ನೋಡಿ, ಇದು ಲಕ್ಷದ್ವೀಪವೇ ಎಂದು ಕೇಳಿದರು. ಅಮಿನಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಅಲ್ಲಿಯವರು ತೆಂಗಿನ ನಾರಿನ ಹಗ್ಗ ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು ಎಂದು ಅವರು ಅಂದು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಒಂದೇ ನವೆಂಬರ್ 1ರಂದು ಆ ದ್ವೀಪಗಳೂ ನಮ್ಮ ಕಾಸರಗೋಡೂ ಆ ಜಿಲ್ಲೆಯಿಂದ ಹೊರಟವು. ಅಂದಿನಿಂದ ಕಥೆಯ ನಾಯಕ, ಮಾಂತ್ರಿಕ ಗೆಡ್‌ನ ದೋಣಿ ಎಲ್ಲಿಗೆ ಹೊರಟರೂ ನನ್ನ ಮನಸ್ಸಿನಲ್ಲಿ ಅದು ಮಂಗಳೂರಿನ ಹಳೆಯ ಬಂದರಿನಿಂದಲೇ ಹೊರಡುತ್ತಿತ್ತು.

ಮೂರನೆಯ ಪುಸ್ತಕ ‘ದ ಫಾರ್ದೆಸ್ಟ್ ಶೋರ್’ ಹಿಡಿದದ್ದು 2020ರ ಫೆಬ್ರುವರಿಯಲ್ಲಿ. ಅದರಲ್ಲಿ ಸತ್ತವರ ನಾಡೊಂದಿದೆ. ಗಾಳಿ ಬೀಸುವುದಿಲ್ಲ, ನಕ್ಷತ್ರಗಳು ಅಲುಗುವುದಿಲ್ಲ. ಒಬ್ಬರಿಗಾಗಿ ಒಬ್ಬರು ಪ್ರಾಣ ಬಿಟ್ಟವರು ಕೂಡ ಅಲ್ಲಿನ ಬೀದಿಯಲ್ಲಿ ಎದುರಾದರೆ ಗುರುತಿಸದೆ ಹಾದುಹೋಗುತ್ತಾರೆ. ಆ ನಾಡಿನ ಗಡಿಯೆಂದರೆ ಗುಡ್ಡದ ಇಳಿಜಾರಿನಲ್ಲಿ ಒಂದು ತಗ್ಗಾದ ಕಲ್ಲಿನ ಗೋಡೆ. ಕಾಲೆತ್ತಿ ದಾಟಬಹುದು, ಅಷ್ಟೇ ಎತ್ತರ. ದಾಟಿದ ಸತ್ತವರು ಮರಳುವುದಿಲ್ಲ.

ಮಾರ್ಚ್ ಕೊನೆಯ ಹೊತ್ತಿಗೆ ಕೊರೊನಾ ಬಂದು, ಕೇರಳ ಕರ್ನಾಟಕಗಳ ನಡುವಿನ ತಲಪಾಡಿಯ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಅಪ್ಪನ ಹೃದಯದ ಚಿಕಿತ್ಸೆ ನಡೆಯುತ್ತಿದ್ದದ್ದು ಮಂಗಳೂರಿನಲ್ಲಿ, ಮನೆಯಿಂದ ಒಂದೂವರೆ ಗಂಟೆಯ ದಾರಿ. ಏಪ್ರಿಲ್ ಮೊದಲ ವಾರ ಉಸಿರು ಕಟ್ಟಿದಾಗ ಆಂಬುಲೆನ್ಸ್ ತೆಂಕಕ್ಕೆ ತಿರುಗಿ ಕಣ್ಣೂರಿನ ಕಡೆಗೆ ಹೊರಟಿತು. ಜೊತೆಗೆ ಒಬ್ಬರು ಮಾತ್ರ ಎಂದರು. ಅಣ್ಣ ಹತ್ತಿದ. ಅಮ್ಮ ಗೇಟು ಹಿಡಿದುಕೊಂಡು ನಿಂತಳು. ನೀಲೇಶ್ವರ ದಾಟುವಾಗ ಅಪ್ಪ ಹೋದರು.

ಆಮೇಲೆ ಆ ಪುಸ್ತಕ ತೆರೆದಾಗಲೆಲ್ಲ ಕಲ್ಲಿನ ಗೋಡೆಯಿದ್ದ ಜಾಗದಲ್ಲಿ ನನಗೆ ರಸ್ತೆಗೆ ಅಡ್ಡಲಾಗಿ ಬಿದ್ದ ಕೆಂಪು ಮಣ್ಣಿನ ರಾಶಿಯೇ ಕಾಣುತ್ತಿತ್ತು. ಎರಡು ವರ್ಷ ಮುಚ್ಚಿಟ್ಟೆ. ಬಳಿಕ ವರ್ಷಕ್ಕೊಂದರಂತೆ ಓದುತ್ತ ಬಂದೆ.

ಆರನೆಯ ಪುಸ್ತಕದಲ್ಲಿ ಒಡೆದ ಮಡಕೆಗಳನ್ನು ಮಂತ್ರದಿಂದ ಕೂಡಿಸುವ ಆಲ್ಡರ್ ಎಂಬವನಿದ್ದಾನೆ. ಹೆಂಡತಿ ತೀರಿಹೋಗಿದ್ದಾಳೆ. ಪ್ರತಿ ರಾತ್ರಿ ಕನಸಿನಲ್ಲಿ ಅವನು ಆ ಗೋಡೆಯ ಬಳಿಗೆ ಹೋಗುತ್ತಾನೆ, ಆಚೆಯಿಂದ ಅವಳು ಕೈ ಚಾಚುತ್ತಾಳೆ. ಕೊನೆಗೆ ಆ ಗೋಡೆಯನ್ನು ಬರಿಗೈಯಲ್ಲಿ ಕಲ್ಲು ಕಲ್ಲಾಗಿ ಕೆಡವುತ್ತಾರೆ. ಆ ಪುಟದಲ್ಲಿ ನಾನು ಅತ್ತೆ; ಅದರ ಬಗ್ಗೆ ಸಂಕೋಚವಿಲ್ಲ. ಆದರೆ ಇಷ್ಟೆಲ್ಲ ನಡೆಯುವಾಗ ಗೆಡ್ ಅಲ್ಲಿಲ್ಲ. ಅವನ ಮಂತ್ರಶಕ್ತಿ ಎಂದೋ ಹೋಗಿದೆ; ಗಾಂಟ್ ದ್ವೀಪದಲ್ಲಿ ಆಡು ನೋಡಿಕೊಂಡು ತರಕಾರಿ ಬೆಳೆದುಕೊಂಡಿದ್ದಾನೆ. ಕೊನೆಯ ದೃಶ್ಯದಲ್ಲಿ ಅವನ ಹೆಂಡತಿ ಟೆನಾರ್ ಮನೆಗೆ ಮರಳುತ್ತಾಳೆ, ಮುದುಕ ಮುದುಕಿ ಇಬ್ಬರೂ ಮನೆಯ ಮಾತಾಡುತ್ತಾರೆ. ಅಲ್ಲಿಗೆ ಮುಗಿಯಿತು. ಅವರು ಆ ಮನೆಯಲ್ಲಿ ಇದ್ದೇ ಇದ್ದಾರೆ, ನಾನೊಬ್ಬಳು ಅಂಗಳ ಇಳಿದು ಬಂದಿದ್ದೇನೆ ಎನಿಸುತ್ತಿದೆ.

ಹನ್ನೊಂದು ವರ್ಷ ಜೊತೆಗಿದ್ದ ಕಥೆ ಮುಗಿದಾಗ ನೀವು ಏನು ಮಾಡಿದಿರಿ? ಮುಂದೆ ಯಾವ ಪುಸ್ತಕ ಓದಬೇಕು ಎಂದು ಕೇಳುತ್ತಿಲ್ಲ. ಈ ಹೊತ್ತನ್ನು ಹೇಗೆ ಕಳೆಯುವುದು ಎಂದು ಕೇಳುತ್ತಿದ್ದೇನೆ.

ಮೇಳದ ಹಿಂದೆ:

ನಾನು ಅರ್ಥ್‌ಸೀ ಓದಿಲ್ಲ. ಆದರೆ ನೀವು ಹೇಳಿದ ಹೊತ್ತು ನನಗೆ ಗೊತ್ತು, ಅದನ್ನು ಅಜ್ಜನ ಮುಖದಲ್ಲಿ ನೋಡಿದ್ದೇನೆ.

ಅಜ್ಜ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುತ್ತಿದ್ದರು. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ, ಮೇ 24ರ ಆಸುಪಾಸು. ಅಂದು ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ನೇಮವೂ ನಿಲ್ಲುತ್ತದೆ. ಆರು ತಿಂಗಳು ಪ್ರತಿ ರಾತ್ರಿ ರಾವಣನನ್ನೂ ಕರ್ಣನನ್ನೂ ಕಂಡ ಮನುಷ್ಯ ಮರುದಿನ ಬೆಳಿಗ್ಗೆ ಮನೆಯ ಜಗಲಿಯಲ್ಲಿ ಎಚ್ಚರಗೊಳ್ಳುತ್ತಾನೆ. ಅಜ್ಜ ಚೆಂಡೆಯ ಹಗ್ಗ ಸಡಿಲಿಸಿ, ಬಟ್ಟೆ ಸುತ್ತಿ, ಅಟ್ಟಕ್ಕೇರಿಸಿ ಇಳಿಯುತ್ತಿದ್ದರು. ಬಳಿಕ ಮೂರು ದಿನ ಅವರನ್ನು ಯಾರೂ ಮಾತನಾಡಿಸುತ್ತಿರಲಿಲ್ಲ. ಅಜ್ಜಿ ಗಂಜಿಯ ಬಟ್ಟಲು ಇಟ್ಟು ಹೋಗುತ್ತಿದ್ದಳು. ಮನೆಯಲ್ಲಿ ಅದಕ್ಕೆ ಹೆಸರೇನೂ ಇರಲಿಲ್ಲ, ಆದರೆ ಆ ಮೂರು ದಿನ ಅವರಿಗೆ ಸೇರಿದ್ದು ಎಂಬುದು ನಮಗೆ ಮಕ್ಕಳಿಗೂ ತಿಳಿದಿತ್ತು. ನಿಮಗೂ ಅಷ್ಟು ದಿನ ಬೇಕು. ತೆಗೆದುಕೊಳ್ಳಿ.

ಇನ್ನೊಂದು ಮಾತು. ಪತ್ತನಾಜೆಯ ಬಳಿಕ ಬಯಲಾಟ ಇಲ್ಲವೆಂದು ನಮ್ಮವರು ಕಥೆಯನ್ನು ಬಿಟ್ಟರೇ? ಮಳೆಗಾಲದಲ್ಲಿ ತಾಳಮದ್ದಳೆ ಶುರುವಾಯಿತು. ವೇಷವಿಲ್ಲ, ಕುಣಿತವಿಲ್ಲ. ಯಾರದೋ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಕುಳಿತು ಅದೇ ಪ್ರಸಂಗಕ್ಕೆ ಅರ್ಥ ಹೇಳುವುದು. ರಂಗದಲ್ಲಿ ವಾಲಿ ಬಿದ್ದು ಸಾಯುವುದಕ್ಕೆ ಹತ್ತು ನಿಮಿಷ ಸಾಕು. ತಾಳಮದ್ದಳೆಯಲ್ಲಿ ಬಾಣ ನಾಟಿದ ಮೇಲೆ ರಾಮನನ್ನು ಒಂದು ಗಂಟೆ ಪ್ರಶ್ನೆ ಕೇಳುತ್ತಾನೆ. ನಮ್ಮ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣವನ್ನು ಜನ ಇಷ್ಟು ಕಾಲ ನೆನಪಿಟ್ಟುಕೊಂಡದ್ದರಲ್ಲಿ ಚಾವಡಿಯ ಆ ಮಾತುಗಳ ಪಾಲೂ ದೊಡ್ಡದು ಎಂದು ನಾನು ನಂಬಿದ್ದೇನೆ.

ನೀವು ಅರ್ಥ ಹೇಳುತ್ತ ಹೋಗಿ, ಓದದ ನಾನೂ ಕೇಳುತ್ತೇನೆ.

ಚಂದ್ರಗಿರಿ ತೀರ:

ಹಾಗಾದರೆ ಎದುರು ಅರ್ಥ ನನ್ನದು.

ನಾನು ಮೊದಲ ಮೂರು ಪುಸ್ತಕಗಳನ್ನು 1996ರಲ್ಲಿ, ಕಾಸರಗೋಡಿನಲ್ಲಿ ಕಾಲೇಜು ಓದುತ್ತಿದ್ದಾಗ ಓದಿದವನು. 1968, 1971, 1972ರಲ್ಲಿ ಬಂದವು ಅವು. ನನ್ನ ಪಾಲಿಗೆ ಅರ್ಥ್‌ಸೀ ಎಂದರೆ ಆ ಮೂರೇ. ಸತ್ತವರ ನಾಡಿನಲ್ಲಿ ತೆರೆದಿದ್ದ ಬಿರುಕನ್ನು ಮುಚ್ಚಲು ಗೆಡ್ ತನ್ನಲ್ಲಿದ್ದ ಶಕ್ತಿಯನ್ನೆಲ್ಲ ಸುರಿಯುತ್ತಾನೆ. ಬರಿದಾದವನನ್ನು ಕಾಲೆಸಿನ್ ಎಂಬ ಮುದಿ ಡ್ರ್ಯಾಗನ್ ಬೆನ್ನ ಮೇಲೆ ಹೊತ್ತು ಅವನ ಹುಟ್ಟೂರಿನ ಕಡೆಗೆ ಹಾರುತ್ತದೆ. ಅಲ್ಲಿಗೆ ಓದುಗ ಕೈಮುಗಿದು ನಿಲ್ಲಬೇಕು. ಅದಕ್ಕಿಂತ ದೊಡ್ಡ ಕೊನೆ ಯಾವ ಕಥೆಗೆ ಬೇಕು?

ಹದಿನೆಂಟು ವರ್ಷ ಬಿಟ್ಟು 1990ರಲ್ಲಿ ‘ಟೆಹಾನು’ ಬಂತು. ಅದೇ ಗೆಡ್ ನಾಚಿಕೆಯಿಂದ ಯಾರಿಗೂ ಮುಖ ತೋರಿಸದೆ ಅಡಗುತ್ತಾನೆ. ಅದರ ಮುಖಪುಟದಲ್ಲಿ ಅರ್ಥ್‌ಸೀಯ ಕೊನೆಯ ಪುಸ್ತಕ ಎಂದು ಅಚ್ಚು ಹಾಕಿ, 2001ರಲ್ಲಿ ಇನ್ನೂ ಎರಡು ಕೊಟ್ಟರು. ಕೊನೆ ಎಂದ ಮೇಲೆ ಕೊನೆಯಾಗಬೇಕಲ್ಲವೇ?

ಗೋಡೆಯ ವಿಷಯ. ನಿಮ್ಮ ತಂದೆಯವರ ಬಗ್ಗೆ ಓದಿ ಮನಸ್ಸು ಭಾರವಾಯಿತು. ಆ ದಿನಗಳಲ್ಲಿ ಗಡಿಯ ಈಚೆ ಇದ್ದವನು ನಾನೂ. ಆದರೂ ಹೇಳುತ್ತೇನೆ: ಮೂರನೆಯ ಪುಸ್ತಕದ ಸತ್ತವರ ನಾಡು ನನ್ನನ್ನು ನಡುಗಿಸಿದ್ದು ಅದರಲ್ಲಿ ಸಮಾಧಾನವೇ ಇಲ್ಲದ ಕಾರಣಕ್ಕೆ. ಸಾವು ಇರುವುದರಿಂದಲೇ ಬದುಕಿಗೆ ಬೆಲೆ ಎಂದು ಗೆಡ್ ತನ್ನ ಜೊತೆ ಬಂದ ಹುಡುಗ ಆರೆನ್‌ಗೆ ಕಲಿಸುತ್ತಾನೆ. ಮೂವತ್ತು ವರ್ಷಗಳ ಬಳಿಕ ಗೋಡೆ ಒಡೆದು ಎಲ್ಲರನ್ನೂ ಬಿಡುಗಡೆ ಮಾಡಿದರೆ ಆ ಕಲಿಸಿದ್ದರ ಗತಿ ಏನು?

ನೀರ್ಚಾಲಿನವಳು:

‘ಟೆಹಾನು’ ಬಗ್ಗೆ ನಿಮ್ಮ ಮಾತನ್ನು ಒಪ್ಪಲಾರೆ.

ನಾನು ಅದನ್ನು ಓದಿದ್ದು ಅಪ್ಪ ಹೋದ ಮೂರನೆಯ ವರ್ಷ. ಟೆನಾರ್ ಅದರಲ್ಲಿ ರೈತನ ವಿಧವೆ. ಬೆಂಕಿಯಲ್ಲಿ ಸುಟ್ಟ ಒಂದು ಅನಾಥ ಹೆಣ್ಣುಮಗುವನ್ನು ಸಾಕುತ್ತಾಳೆ. ಪಾತ್ರೆ ತೊಳೆಯುತ್ತಾಳೆ, ಆಡು ಕಟ್ಟುತ್ತಾಳೆ, ರಾತ್ರಿ ಅಗಳಿ ಹಾಕಿತೋ ಇಲ್ಲವೋ ಎಂದು ಎರಡು ಸಲ ನೋಡುತ್ತಾಳೆ. ನಮ್ಮ ಅಮ್ಮ ಆ ವರ್ಷ ಹಾಗೆಯೇ ಇದ್ದಳು. ಅಗಳಿಯನ್ನು ಎರಡು ಸಲ ನೋಡುವ ಹೆಂಗಸಿಗೆ ಮಾಂತ್ರಿಕರ ಕಥೆಯೊಂದು ಜಾಗ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಗೆಡ್‌ನ ನಾಚಿಕೆಯ ಬಗ್ಗೆ. ಅಪ್ಪ ಐವತ್ತೆಂಟರವರೆಗೆ ತಾವೇ ಅಡಿಕೆ ಮರ ಹತ್ತುತ್ತಿದ್ದರು. ಒಂದು ಮರದಿಂದ ಇಳಿಯದೆ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಿದ್ದರು. ಹೃದಯದ ಕಾಯಿಲೆ ಬಂದ ಮೇಲೆ ಹತ್ತಬಾರದು ಎಂದಾಯಿತು. ಕೊಯ್ಲಿಗೆ ಬೇರೆಯವರು ಬಂದ ದಿನ ಅಪ್ಪ ತೋಟಕ್ಕೆ ಹೋಗಲಿಲ್ಲ. ಹಿತ್ತಿಲಿನಲ್ಲಿ ಒಣಗಿದ ಸೋಗೆಗಳನ್ನು ಸುಮ್ಮನೆ ಜೋಡಿಸುತ್ತಿದ್ದರು, ಕೆದರುತ್ತಿದ್ದರು, ಮತ್ತೆ ಜೋಡಿಸುತ್ತಿದ್ದರು. ಆಗ ನನಗೆ ಅರ್ಥವಾಗಿರಲಿಲ್ಲ. ಗೆಡ್ ಅಡಗಿದ ಅಧ್ಯಾಯ ಓದುವಾಗ ಅರ್ಥವಾಯಿತು, ಅಪ್ಪ ಇಲ್ಲದ ಮೇಲೆ. ಡ್ರ್ಯಾಗನ್ ಬೆನ್ನೇರಿ ಹೋದವನನ್ನು ಅಲ್ಲಿಯೇ ಬಿಟ್ಟಿದ್ದರೆ ನನಗೆ ಇದು ಸಿಗುತ್ತಲೇ ಇರಲಿಲ್ಲ.

ಅಕ್ಕಲಕೋಟೆ ದಾರಿ:

ಸೊಲ್ಲಾಪುರ ಜಿಲ್ಲೆಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಮಾತು ಕನ್ನಡ, ಶಾಲೆ ಕಲಿತದ್ದು ಮರಾಠಿಯಲ್ಲಿ. ಇಂಗ್ಲಿಷ್ ನಿಧಾನಕ್ಕೆ ಓದುತ್ತೇನೆ. ಇದನ್ನು ಎಲ್ಲಿಂದ ಶುರು ಮಾಡಲಿ? ಕಷ್ಟವಾಗುತ್ತದೆಯೇ?

ಚಂದ್ರಗಿರಿ ತೀರ:

‘ಎ ವಿಜರ್ಡ್ ಆಫ್ ಅರ್ಥ್‌ಸೀ’ಯಿಂದ. ಇನ್ನೂರು ಪುಟದ ಆಸುಪಾಸಿನ ಪುಸ್ತಕ, ವಾಕ್ಯಗಳು ಸರಳ, ಗಟ್ಟಿಯಾಗಿ ಓದಿದರೆ ಅಜ್ಜಿ ಹೇಳುವ ಕಥೆಯ ಧಾಟಿಯಿದೆ. ಬಂದ ಕ್ರಮದಲ್ಲಿಯೇ ಓದಿ. ಎರಡನೆಯದರಲ್ಲಿ ಗೆಡ್ ಬಹಳ ಹೊತ್ತು ಕಾಣಿಸುವುದೇ ಇಲ್ಲ, ಗಾಬರಿಯಾಗಬೇಡಿ. ಐದನೆಯದು ಬಿಡಿ ಕಥೆಗಳ ಸಂಕಲನ. ಅದರ ಕೊನೆಯ ಕಥೆ ಓದದೆ ಆರನೆಯದಕ್ಕೆ ಹೋಗಬೇಡಿ.

ಉಪ್ಪಳದ ಅಲೆ:

ಗೋಡೆಯ ಬಗ್ಗೆ ನನಗೂ ಹೇಳುವುದಿದೆ, ಸ್ವಲ್ಪ ಬೇರೆ ಕಡೆಯಿಂದ.

ಮೂರನೆಯ ಪುಸ್ತಕ ಓದಿದಾಗ ನನಗೆ ಭಯಕ್ಕಿಂತ ಹೆಚ್ಚಾಗಿ ಅಪರಿಚಿತ ಭಾವ ಬಂದಿತ್ತು. ಹೋದವರು ನಮ್ಮನ್ನು ಗುರುತಿಸುವುದಿಲ್ಲ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಆಟಿ ತಿಂಗಳಲ್ಲಿ ನಾವು ಕುಲೆಗಳಿಗೆ, ಎಂದರೆ ತೀರಿಹೋದ ನಮ್ಮವರಿಗೆ, ಬಡಿಸುತ್ತೇವೆ. ಒಳಗಿನ ಕೋಣೆಯಲ್ಲಿ ಬಾಳೆಯೆಲೆ ಹಾಕಿ, ಯಾರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಇಡುವುದು. ದೊಡ್ಡಪ್ಪನ ಎಲೆಗೆ ಬಂಗುಡೆ ಸಾರು ತಪ್ಪಬಾರದು. ಚಿಕ್ಕಂದಿನಲ್ಲೇ ಹೋದ ನನ್ನ ಅತ್ತೆಯ ಎಲೆಗೆ ಒಂದು ಹಿಡಿ ಮಿಠಾಯಿ. ದೀಪ ಹಚ್ಚಿ, ಬಾಗಿಲು ಎಳೆದುಕೊಂಡು, ಹೊರಗೆ ಸದ್ದಿಲ್ಲದೆ ಕೂರುತ್ತೇವೆ. ಅವರು ಉಂಡೇಳಲು ಬೇಕಾದಷ್ಟು ಹೊತ್ತು. ಮದುವೆಯಾಗದೆ ಹೋದವರಿಗೆ ಅಂಥದೇ ಇನ್ನೊಂದು ಮನೆಯ ಸಂಬಂಧ ಹುಡುಕಿ ಮದುವೆ ಮಾಡಿಸುವುದು ನಮ್ಮ ಕಡೆ ಈಗಲೂ ಇದೆ. ಬೀಗರಾದ ಆ ಎರಡು ಮನೆಗಳು ಮುಂದೆ ಹಬ್ಬಕ್ಕೆ ಹೋಗಿ ಬರುತ್ತವೆ.

ಹಾಗಾಗಿ ಆರನೆಯ ಪುಸ್ತಕದಲ್ಲಿ ಗೋಡೆ ಬಿದ್ದಾಗ ಲೆ ಗ್ವಿನ್ ಕೊನೆಗೂ ನಮ್ಮ ಕಡೆಗೆ ಬಂದರು ಎನಿಸಿತು. ಆ ಒಣ ನಾಡು ತಾನಾಗಿ ಇದ್ದದ್ದಲ್ಲ, ಸಾಯದೆ ಉಳಿಯುವ ಆಸೆಯಿಂದ ಹಿಂದಿನ ಮಾಂತ್ರಿಕರು ಕಟ್ಟಿಕೊಂಡದ್ದು ಎಂದು ಅದರಲ್ಲಿ ಬರುತ್ತದೆ. ಚಂದ್ರಗಿರಿ ತೀರದವರೇ, ಇದನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಾವನ್ನು ಯಾರೂ ಅಳಿಸಲಿಲ್ಲ. ಸತ್ತವರು ಸತ್ತೇ ಹೋಗುತ್ತಾರೆ, ಗಾಳಿಗೆ, ಮಣ್ಣಿಗೆ, ಬೆಳಕಿಗೆ. ಮನುಷ್ಯರು ಕಟ್ಟಿದ ಬೇಲಿಯನ್ನು ಮನುಷ್ಯರು ಕಿತ್ತರು.

ಲೆ ಗ್ವಿನ್ ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು, ಅಮೆರಿಕದ ಮೂಲನಿವಾಸಿಗಳ ನಡುವೆ ಕೆಲಸ ಮಾಡಿದವರು. ಹೋದವರಿಗೆ ಎಲೆ ಹಾಕುವ ಜನರ ಮಾತು ಆ ಮನೆಯ ಊಟದ ಮೇಜಿನಲ್ಲಿ ಬಂದಿರಲಾರದೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ತಾಳವಾಡಿ ಬೆಟ್ಟ:

ಈರೋಡು ಜಿಲ್ಲೆಯ ಗುಡ್ಡದ ಮೇಲಿನಿಂದ ಒಂದು ಮಾತು. ನನಗೆ ಈ ಸರಣಿ ಹಿಡಿಸಿದ್ದು ಹೆಸರಿನ ಕಾರಣಕ್ಕೆ.

ಅಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಎಲ್ಲರೂ ಕರೆಯುವುದು ಒಂದು, ಗೆಡ್‌ಗೆ ಅದು ಸ್ಪ್ಯಾರೋಹಾಕ್. ನಾನು ಗಿಡುಗ ಎಂದೇ ಓದಿಕೊಂಡೆ. ನಿಜವಾದ ಹೆಸರು ಬೇರೆ. ಅದನ್ನು ತಿಳಿದವರ ಕೈಯಲ್ಲಿ ನಿಮ್ಮ ಪ್ರಾಣವಿರುತ್ತದೆ, ಹಾಗಾಗಿ ಅದನ್ನು ಹೇಳುವುದು ಬಹಳ ನಂಬಿದವರಿಗೆ ಮಾತ್ರ. ಮೊದಲ ಪುಸ್ತಕದಲ್ಲಿ ತನ್ನನ್ನು ಅಟ್ಟಿ ಬಂದ ನೆರಳಿಗೆ ಅವನು ಕೊನೆಗೆ ತನ್ನದೇ ಹೆಸರಿಟ್ಟು ಕರೆಯುತ್ತಾನೆ, ಅಲ್ಲಿಗೆ ಅಟ್ಟುವುದು ನಿಲ್ಲುತ್ತದೆ. ನಮ್ಮ ಅಜ್ಜಿ ಅರವತ್ತು ವರ್ಷ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಪಡಿತರ ಚೀಟಿಯ ಕೆಲಸಕ್ಕೆ ಹೋದಾಗ ಹೆಸರು ಕೇಳಿದರೆ ನನ್ನ ಕಡೆಗೆ ತಿರುಗಿ, ನೀನೇ ಹೇಳು ಎನ್ನುತ್ತಿದ್ದಳು. ಅಜ್ಜ ತೀರಿಕೊಂಡ ದಿನ ಪಾದದ ಬಳಿ ಕುಳಿತು ಮೊದಲ ಬಾರಿ ಆ ಹೆಸರು ಹಿಡಿದು ಕರೆದಳು. ನಾನು ಪಕ್ಕದಲ್ಲಿದ್ದೆ. ಅರ್ಥ್‌ಸೀ ಓದುವುದಕ್ಕೆ ಹತ್ತು ವರ್ಷ ಮೊದಲೇ ನನಗೆ ಅದರ ಮುಖ್ಯ ಸಂಗತಿ ಗೊತ್ತಿತ್ತು.

ಊರುಗಳಿಗೂ ಹೀಗೆಯೇ. ಗಡಿಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮಂಜೇಶ್ವರ ಫಲಕದಲ್ಲಿ ಮಂಜೇಶ್ವರಂ ಆಗುತ್ತದೆ, ಕುಂಬಳೆ ಕುಂಬಳ ಆಗುತ್ತದೆ. ಅದರಲ್ಲಿ ಯಾರ ಮೇಲೂ ನನಗೆ ಸಿಟ್ಟಿಲ್ಲ. ನೆರೆಯವರ ನಾಲಗೆಗೆ ಅದೇ ಸಲೀಸು. ಆದರೆ ಮನೆಯೊಳಗೆ ಕರೆಯುವ ಹೆಸರನ್ನು ಬಿಡದೆ ಹಿಡಿದುಕೊಂಡ ಜನಕ್ಕೆ ಈ ಕಥೆ ಬಹಳ ಹತ್ತಿರದ್ದು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಗೆಡ್‌ನ ಮೈಬಣ್ಣ ಕೆಂಪು ಬೆರೆತ ಕಂದು, ಅವನ ಗೆಳೆಯ ವೆಚ್ ಕಪ್ಪು. ಆ ದ್ವೀಪಗಳಲ್ಲಿ ಬಿಳಿಯರೇ ಹೊರಗಿನವರು. 1968ರಲ್ಲಿ ಅಮೆರಿಕದಲ್ಲಿ ಕುಳಿತು ಹಾಗೆ ಬರೆದರು. ನನ್ನ ಬಣ್ಣದವನೊಬ್ಬ ಡ್ರ್ಯಾಗನ್ ಎದುರು ನಿಂತು ಮಾತಾಡಿದ್ದನ್ನು ನಾನು ಮೊದಲು ಓದಿದ್ದು ಅಲ್ಲಿಯೇ. ಮುಗಿದಾಗ ದುಃಖವಾಗದೆ ಇರುತ್ತದೆಯೇ?

ಅನಂತಪುರ ಗುಡ್ಡೆ:

ಮುಂದಿನ ಪುಸ್ತಕದ ಹೆಸರು ಬೇಡ ಎಂದಿರಲ್ಲ, ಸರಿಯಾಗಿ ಹೇಳಿದಿರಿ. ನಮ್ಮ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ಸತ್ತಾಗ ಊರಿಗೆ ಊರೇ ಬಂದು ನಿಂತಿತ್ತು. ಮುಂದಿನ ವರ್ಷ ನವೆಂಬರ್‌ನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಎಲ್ಲರಿಗೂ ಸಂತೋಷ, ನನಗೂ. ಆರು ವರ್ಷದ ಮಗಳನ್ನು ಎತ್ತಿಕೊಂಡು ತೋರಿಸಲು ಹೋದೆ. ಅವಳು ಬಹಳ ಹೊತ್ತು ನೀರನ್ನೇ ನೋಡಿ, ಇದಕ್ಕೆ ನನ್ನ ಗುರುತಿಲ್ಲ ಎಂದಳು. ಈಗ ಹೋದಾಗಲೆಲ್ಲ ತಪ್ಪದೆ ಕೆರೆಯ ಬಳಿಗೆ ಓಡುತ್ತಾಳೆ.

ಚಂದ್ರಗಿರಿ ತೀರ:

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಉಪ್ಪಳದವರು ಹೇಳಿದ್ದು ಸರಿ. ಗೋಡೆಯನ್ನು ಮನುಷ್ಯರು ಕಟ್ಟಿದ್ದು ಎಂಬುದನ್ನು ನಾನು ಓದಿಯೂ ಒಪ್ಪಿಕೊಂಡಿರಲಿಲ್ಲ. ಮೂರನೆಯ ಪುಸ್ತಕದ ಮೇಲಿನ ನನ್ನ ಪ್ರೀತಿ ಅಡ್ಡ ಬಂದಿತ್ತು. ‘ಟೆಹಾನು’ವನ್ನು ಮತ್ತೆ ತೆಗೆದು ಓದುತ್ತಿದ್ದೇನೆ, ಈ ಸಲ ಗೆಡ್‌ನನ್ನು ಹುಡುಕದೆ ಟೆನಾರ್ ಹಿಂದೆ ನಡೆಯುತ್ತಿದ್ದೇನೆ. ನಾನು ಈಗ ಐವತ್ತರ ಹತ್ತಿರ ಬಂದವನು. ಇಪ್ಪತ್ತರಲ್ಲಿ ಬೇಸರ ತರಿಸಿದ ಪುಟಗಳಲ್ಲಿ ಈಗ ನಿಂತು ನಿಂತು ಹೋಗುತ್ತಿದ್ದೇನೆ.

ನೀರ್ಚಾಲಿನವರಿಗೆ ಒಂದು ವಿಷಯ ತಿಳಿಸಬೇಕು. ಹೇಳುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಆರನೆಯ ಪುಸ್ತಕಕ್ಕೆ ಸರಣಿ ಪೂರ್ತಿ ಮುಗಿಯುವುದಿಲ್ಲ. ‘ಫೈರ್‌ಲೈಟ್’ ಎಂಬ ಒಂದು ಸಣ್ಣ ಕಥೆಯಿದೆ. ಲೆ ಗ್ವಿನ್ 2018ರ ಜನವರಿ 22ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಥೆ ಅಚ್ಚಾದದ್ದು ಅದೇ ವರ್ಷದ ಬೇಸಿಗೆಯಲ್ಲಿ, ‘ದ ಪ್ಯಾರಿಸ್ ರಿವ್ಯೂ’ ಪತ್ರಿಕೆಯಲ್ಲಿ. ಕೆಲವೇ ಪುಟ. ಅದರಲ್ಲಿ ಗೆಡ್ ಹಾಸಿಗೆ ಹಿಡಿದಿದ್ದಾನೆ. ಅವನ ಕೊನೆಯ ದಿನಗಳು. ಮುದುಕಿಯೊಬ್ಬಳು ತನ್ನ ಕೊನೆಗಾಲದಲ್ಲಿ ಕುಳಿತು, ನಲವತ್ತನೆಯ ವಯಸ್ಸಿಗೆ ಮೊದಲು ತಾನು ಸೃಷ್ಟಿಸಿದ ಹುಡುಗನನ್ನು ಕೈಹಿಡಿದು ಕಳುಹಿಸಿಕೊಟ್ಟಿದ್ದಾಳೆ. ಅವರು ಕೊನೆ ಎಂದು ಹೇಳಿ ಮಾತು ತಪ್ಪಿದರು ಎಂದು ಮೊನ್ನೆ ದೂರಿದ್ದೆ. ಈ ಕಥೆಯ ವಿಷಯದಲ್ಲಿ ಆ ದೂರು ನನಗಿಲ್ಲ.

ಓದಿ ಎಂದಾಗಲೀ ಬೇಡ ಎಂದಾಗಲೀ ಹೇಳುವುದಿಲ್ಲ. ಇದೆ ಎಂದಷ್ಟೇ ಹೇಳಿದೆ.

ಮೇಳದ ಹಿಂದೆ:

ಓದದೆ ಇಡುವುದೂ ನಮ್ಮಲ್ಲಿ ಇದೆ ಎಂದು ನೆನಪಿಸುತ್ತೇನೆ. ಕರ್ಕಾಟಕ ಮಾಸದಲ್ಲಿ ಕೇರಳದ ಮನೆಮನೆಗಳಲ್ಲಿ ಎಳುತ್ತಚ್ಛನ್ ಅವರ ಅಧ್ಯಾತ್ಮ ರಾಮಾಯಣ ಓದುತ್ತಾರೆ. ನಮ್ಮ ಪಕ್ಕದ ಮನೆಯಲ್ಲಿ ಸಂಜೆ ದೀಪ ಹಚ್ಚಿ ಓದುವುದು ನಮ್ಮ ಅಂಗಳಕ್ಕೆ ಕೇಳಿಸುತ್ತದೆ. ಪಟ್ಟಾಭಿಷೇಕಕ್ಕೆ ನಿಲ್ಲಿಸುತ್ತಾರೆ. ಉತ್ತರಕಾಂಡ ಹಲವು ಮನೆಗಳಲ್ಲಿ ಓದುವುದೇ ಇಲ್ಲ. ಮುಂದೆ ಸೀತೆಗೆ ಏನಾಯಿತು ಎಂದು ಅವರಿಗೆ ಗೊತ್ತು. ಗೊತ್ತಿದ್ದೇ ಪುಸ್ತಕ ಮಡಚಿ ಕಣ್ಣಿಗೊತ್ತಿಕೊಳ್ಳುತ್ತಾರೆ.

ಆದರೆ ಅಜ್ಜ ಬೇರೆ ಹೇಳುತ್ತಿದ್ದರು. ಕುಶಲವರ ಪ್ರಸಂಗಕ್ಕೆ ಚೆಂಡೆ ಬಾರಿಸಿದ ರಾತ್ರಿಯೇ ತನಗೆ ರಾಮನ ಮೇಲೆ ಕನಿಕರ ಹುಟ್ಟಿದ್ದು ಎಂದು. ಎರಡೂ ದಾರಿಗಳಲ್ಲಿ ನಡೆದವರಿದ್ದಾರೆ. ನಿಮ್ಮ ಮನಸ್ಸು ಹೇಳಿದಂತೆ ಮಾಡಿ.

ನೀರ್ಚಾಲಿನವಳು:

ಹತ್ತು ದಿನವಾಯಿತು. ಎಲ್ಲರಿಗೂ ಉತ್ತರಿಸಬೇಕಿತ್ತು, ಆಗಲಿಲ್ಲ. ಮೊದಲ ಮೂರು ದಿನ ಏನೂ ಓದಲಿಲ್ಲ. ಮೇಳದವರ ಅಜ್ಜನನ್ನು ನೆನೆದುಕೊಂಡೆ. ಆಮೇಲೆ ಒಂದು ಸಂಜೆ ಅಮ್ಮ ಅಡಿಕೆ ಸುಲಿಯುತ್ತ ಕುಳಿತಿದ್ದಾಗ ಪಕ್ಕದಲ್ಲಿ ಕುಳಿತು ಮೊದಲ ಪುಸ್ತಕದ ಕಥೆಯನ್ನು ಕನ್ನಡದಲ್ಲಿ ಹೇಳಲು ಶುರು ಮಾಡಿದೆ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೂ ಅವಳಿಗೆ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಮಾಂತ್ರಿಕ ಎಂದಾಗ ಅವಳು ಕೈ ನಿಲ್ಲಿಸಿದಳು. ನಮ್ಮ ಕಡೆ ಮಂತ್ರವಾದಿ ಎಂದರೆ ಮಾಟ ತೆಗೆಯಲು ಬರುವವನು. ಹಾಗಾಗಿ ‘ಬಲ್ಲವನು’ ಎಂದು ಬದಲಿಸಿದೆ. ಗೆಡ್‌ನ ಗುರು ಓಜಿಯನ್ ಮಳೆಯನ್ನು ತಡೆಯಬಲ್ಲವನಾದರೂ ಮಳೆಯಲ್ಲಿ ಸುಮ್ಮನೆ ನೆನೆಯುತ್ತಾನೆ ಎಂದಾಗ ಅವಳಿಗೆ ಬಹಳ ಇಷ್ಟವಾಯಿತು. ಅದು ಸರಿಯಾದ ಕ್ರಮ ಎಂದಳು.

ಹೀಗೆ ಏಳು ಸಂಜೆ ಹೇಳಿದೆ. ನಡುನಡುವೆ ಹಾರಿಸಿದೆ, ಎಷ್ಟೋ ಹೆಸರು ಬಿಟ್ಟೆ. ಗೋಡೆಯನ್ನು ಬಿಡಲಿಲ್ಲ. ಆ ಭಾಗ ಹೇಳುವಾಗ ನನ್ನ ದನಿ ನಡುಗಿತು. ಅವಳು ಏನೂ ಕೇಳಲಿಲ್ಲ, ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕುತ್ತಲೇ ಇದ್ದಳು. ನಕ್ಷೆ ತೋರಿಸಿದಾಗ ನೀಲಿ ಅಚ್ಚಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಅವಳದು ಅದರ ಅರ್ಧದಷ್ಟಿತ್ತು.

‘ಫೈರ್‌ಲೈಟ್’ ಕಥೆಯನ್ನು ಗೆಳತಿಯೊಬ್ಬಳು ಹುಡುಕಿಕೊಟ್ಟಳು. ನಾನೊಬ್ಬಳೇ ಓದಲಿಲ್ಲ. ನಿನ್ನೆ ಸಂಜೆ ಅಮ್ಮನ ಪಕ್ಕದಲ್ಲಿ ತೆರೆದು, ಇದು ಕೊನೆಯದು, ಅವನು ಹೊರಡುವ ಹೊತ್ತಿನದು, ಓದಲೇ ಎಂದು ಕೇಳಿದೆ. ಅಮ್ಮ ಮೆಟ್ಟುಕತ್ತಿಯನ್ನು ಬದಿಗೆ ಸರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ಅವನ ಹೆಂಡತಿ ಹತ್ತಿರ ಇದ್ದಾಳೆಯೇ?” ಎಂದು ಕೇಳಿದಳು.

ಕಥೆಯ ಮೇಲೆ ಒಮ್ಮೆ ಕಣ್ಣಾಡಿಸಿ ನೋಡಿದೆ. ಇದ್ದಾಳೆ ಎಂದೆ.

“ಹಾಗಾದರೆ ಓದು.”